ರಜೆಯ ಕಾರು ಸುತ್ತಾಟ: ಒಳ್ಳೆ ಫೋಟೋ ಬೇಕಂದ್ರೆ ಯಾವ ಹೊತ್ತಿಗೆ ಎಲ್ಲಿರಬೇಕು?

ದಾರಿಹೋಕ
ರಜೆಯಲ್ಲಿ ಮನೆಯವರೆಲ್ಲ ಸೇರಿ ಕಾರಿನಲ್ಲಿ ದೊಡ್ಡ ಸುತ್ತು ಹೊರಟಿದ್ದೇವೆ. ದಾರಿಯಲ್ಲಿ ಬೆಟ್ಟಗಳು, ಒಂದು ಜಲಪಾತ, ಎರಡು ಕೋಟೆ, ಕೆಲವು ಹಳೆಯ ದೇವಸ್ಥಾನಗಳು ಸಿಗುತ್ತವೆ. ನನ್ನ ಗೋಳು ಒಂದೇ. ಎಲ್ಲರೂ ಎದ್ದು, ಸಾಮಾನು ತುಂಬಿ ಹೊರಡುವಷ್ಟರಲ್ಲಿ ಬಿಸಿಲು ಏರಿರುತ್ತದೆ. ನೋಡಬೇಕಾದ ಜಾಗ ತಲುಪುವುದು ನಡು ಮಧ್ಯಾಹ್ನ. ಫೋಟೋದಲ್ಲಿ ಆಕಾಶ ಬಿಳಿಚಿಕೊಂಡಿರುತ್ತದೆ, ಕೆತ್ತನೆ ಎಲ್ಲ ಚಪ್ಪಟೆ, ಜನರ ಕಣ್ಣಿನ ಕೆಳಗೆ ಕಪ್ಪು ನೆರಳು. ಹತ್ತಿರ ಇರುವುದು ಹಳೆಯ ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆಗೇ ಬಂದ ಲೆನ್ಸು, ಮತ್ತೆ ಫೋನು. ಹೆಚ್ಚು ಅಗಲದ ನೋಟ ಹಿಡಿಯುವ ಒಂದು ವೈಡ್ ಲೆನ್ಸ್ ತಗೊಂಡರೆ ಸರಿಹೋಗುತ್ತಾ?

ಶಟರ್‌ಭಟ
ಲೆನ್ಸ್ ಬೇಡ. ಅಲಾರಂ ಇಡಿ.

ಹಿಂದಿನಸೀಟು
ಅಲಾರಂ ಇಡೋದು ಒಬ್ಬರು, ನಿದ್ದೆ ಕೆಡೋದು ಕಾರು ತುಂಬ ಜನಕ್ಕೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಭಟ್ರೇ.

ಕಲ್ಲುಕಂಬ
ಬೇಗ ಏಳಿ ಅನ್ನುವುದು ಅರ್ಧ ಉತ್ತರ. ಬೇಗ ಎದ್ದು ಹೋಗಿ ನೋಡಿದರೆ ಕಟ್ಟಡ ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುತ್ತದೆ. ಸೂರ್ಯ ಅದರ ಬೆನ್ನ ಹಿಂದೆ. ಆಗ ಏನು ಮಾಡುತ್ತೀರಿ?

ಹಳೆಯ ಕಟ್ಟಡಗಳಿಗೆ ಹೋಗುವವರು ಮೊದಲು ನೋಡಬೇಕಾದದ್ದು ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ. ನಮ್ಮ ದೇವಸ್ಥಾನಗಳು ಹೆಚ್ಚಾಗಿ ಪೂರ್ವಕ್ಕೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ದೊಡ್ಡ ಗೋಪುರ ಪೂರ್ವಕ್ಕಿದೆ, ಅದರ ಎದುರಿನ ಬೀದಿ ಪೂರ್ವಕ್ಕೇ ಹೋಗುತ್ತದೆ. ಬೆಳಗ್ಗೆ ಆ ಬೀದಿಯಲ್ಲಿ ನಿಂತರೆ ಬಿಸಿಲು ನಿಮ್ಮ ಬೆನ್ನಿಗೆ, ಗೋಪುರದ ಮುಖಕ್ಕೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಗೋಪುರ ಬರೀ ಕಪ್ಪು ಆಕಾರ.

ಕಾಂಬೋಡಿಯಾದ ಆಂಗ್‌ಕೋರ್ ವಾಟ್ ಇದಕ್ಕೆ ತದ್ವಿರುದ್ಧ. 12ನೇ ಶತಮಾನದ ಆ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ. ಸೂರ್ಯೋದಯಕ್ಕೆ ಕೊಳದ ದಡದಲ್ಲಿ ಜನ ಕಿಕ್ಕಿರಿದು ನಿಂತಿರುತ್ತಾರಲ್ಲ, ಅವರಿಗೆಲ್ಲ ಸಿಗುವುದು ಕೆಂಪು ಆಕಾಶದ ಮುಂದಿನ ಕಪ್ಪು ಗೋಪುರಗಳು. ಅದೂ ಚೆಂದವೇ. ಆದರೆ ಕಲ್ಲಿನ ಕೆಲಸ ಕಾಣಬೇಕಂದ್ರೆ ಮಧ್ಯಾಹ್ನ ಕಳೆದ ಮೇಲೆ ಹೋಗಬೇಕು. ಆಗ ಮುಂಭಾಗ ಪೂರ್ತಿ ಬೆಳಗುತ್ತದೆ.

ಯೂರೋಪಿನ ದೊಡ್ಡ ಹಳೆಯ ಚರ್ಚುಗಳೂ ಹೀಗೇ. ಪೂಜೆಯ ವೇದಿಕೆ ಪೂರ್ವದ ತುದಿಗೆ, ಮುಖ್ಯ ಬಾಗಿಲು ಪಶ್ಚಿಮಕ್ಕೆ. ಅಲ್ಲಿ ಸಂಜೆಯೇ ಒಳ್ಳೆಯದು. ಫ್ರಾನ್ಸಿನ ರೂಆಂ ಚರ್ಚಿನ ಪಶ್ಚಿಮ ಮುಖವನ್ನೇ ಚಿತ್ರಕಾರ ಕ್ಲೋಡ್ ಮೊನೆ 1892-93ರಲ್ಲಿ ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಮತ್ತೆ ಮತ್ತೆ ಬರೆದ. ಒಟ್ಟು 30ಕ್ಕೂ ಹೆಚ್ಚು ಚಿತ್ರ. ಗೋಡೆ ಅದೇ, ಆದರೆ ಒಂದು ಚಿತ್ರದ ಹಾಗೆ ಇನ್ನೊಂದಿಲ್ಲ.

ದಾರಿಹೋಕ
ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಹೋಗುವ ಮೊದಲೇ ದಿಕ್ಕು ಗೊತ್ತಾಗೋದು ಹೇಗೆ?

ಕಲ್ಲುಕಂಬ
ಮ್ಯಾಪಿನಲ್ಲಿ ಉಪಗ್ರಹ ಚಿತ್ರ ತೆಗೆದು ನೋಡಿ. ಮೇಲ್ಭಾಗ ಉತ್ತರ. ಪ್ರಾಕಾರ, ಬಾಗಿಲು, ಎದುರಿನ ರಸ್ತೆ ಎಲ್ಲ ಕಾಣುತ್ತದೆ. ಆಮೇಲೆ ಸನ್‌ಕ್ಯಾಲ್ಕ್ ತಾಣವನ್ನೋ ಫೋಟೋಪಿಲ್ಸ್ ಆ್ಯಪನ್ನೋ ತೆರೆದು, ನೀವು ಹೋಗುವ ತಾರೀಕು ಹಾಕಿ. ಸೂರ್ಯ ಎಲ್ಲಿ ಹುಟ್ಟುತ್ತಾನೆ, ಯಾವ ಹೊತ್ತಿಗೆ ಯಾವ ಕಡೆ ಇರುತ್ತಾನೆ ಅಂತ ಗೆರೆ ಎಳೆದು ತೋರಿಸುತ್ತದೆ.

ತಾರೀಕು ಹಾಕುವುದು ಮುಖ್ಯ. ಶ್ರವಣಬೆಳಗೊಳದ ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಡಿಸೆಂಬರ್ ರಜೆಯಲ್ಲಿ ಹೋದರೆ ಸೂರ್ಯ ಇಡೀ ದಿನ ದಕ್ಷಿಣದ ಕಡೆಯೇ ಇರುತ್ತಾನೆ, ಅಂದರೆ ಮೂರ್ತಿಯ ಬೆನ್ನಿಗೆ. ಬೇಸಿಗೆ ರಜೆಯಲ್ಲಿ ಸೂರ್ಯ ಪೂರ್ವಕ್ಕಿಂತ ಸ್ವಲ್ಪ ಉತ್ತರಕ್ಕೆ ಸರಿದು ಹುಟ್ಟುವುದರಿಂದ ಬೆಳಗಿನ ಬೆಳಕು ಮುಖಕ್ಕೆ ಓರೆಯಾಗಿ ಬೀಳುತ್ತದೆ. ಮೂರ್ತಿ ಅದೇ, ಜಾಗ ಅದೇ. ಯಾವ ತಿಂಗಳು ಅನ್ನುವುದರ ಮೇಲೆ ಫೋಟೋ ಬೇರೆ.

ಎತ್ತರದಗಾಳಿ
ಬೆಟ್ಟಕ್ಕೂ ಇದು ಅನ್ವಯಿಸುತ್ತೆ. ಕಣಿವೆಯಲ್ಲಿ ನಿಂತವರಿಗೆ ಪಶ್ಚಿಮದ ಬೆಟ್ಟ ಬೆಳಗ್ಗೆ ಕೆಂಪಾಗುತ್ತದೆ, ಪೂರ್ವದ್ದು ಸಂಜೆ. ಇನ್ನೊಂದು ವಿಷಯ. ಆ್ಯಪಿನಲ್ಲಿ ಸೂರ್ಯಾಸ್ತ 6:20 ಅಂತ ಇದ್ದರೆ ಅದು ಬಯಲಿನ ಲೆಕ್ಕ. ನಿಮ್ಮ ಪಶ್ಚಿಮಕ್ಕೆ ಎತ್ತರದ ಬೆಟ್ಟ ಇದ್ದರೆ ಕಣಿವೆಯಲ್ಲಿ ಬಿಸಿಲು ಒಂದು ಗಂಟೆ ಮೊದಲೇ ಹೋಗಿರುತ್ತದೆ. ಹಾಗಂತ ಬಿಸಿಲು ಹೋಯ್ತು ಅಂತ ಕಾರು ಹತ್ತಬೇಡಿ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಕಳೆದ ಮೇಲೆ ಆಕಾಶ ಕಡುನೀಲಿ ಆಗುತ್ತೆ. ದೀಪ ಹಾಕಿದ ಕೋಟೆ, ಅರಮನೆ ತೆಗೆಯಲು ಆ ಹೊತ್ತೇ ಸರಿ. ಪೂರ್ತಿ ಕತ್ತಲಾದ ಮೇಲೆ ದೀಪ ಮಾತ್ರ ಕಾಣುತ್ತದೆ, ಕಟ್ಟಡ ಕಾಣಲ್ಲ.

ಶಟರ್‌ಭಟ
ಎಷ್ಟು ಹೊತ್ತು ಸಿಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬಂಗಾರದ ಬೆಳಕು ಅಂತ ಹೇಳುವುದು ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಒಳಗಿರುವಾಗ. ಸಮಭಾಜಕದ ಹತ್ತಿರದ ಊರುಗಳಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಏರುತ್ತಾನೆ, ಗಂಟೆಗೆ 15 ಡಿಗ್ರಿ ಲೆಕ್ಕದಲ್ಲಿ. ಹಾಗಾಗಿ ಆ ಬೆಳಕು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಉತ್ತರ ಯೂರೋಪಿನಂಥ ಕಡೆ ಓರೆಯಾಗಿ ಏರುವುದರಿಂದ ಎಷ್ಟೋ ಜಾಸ್ತಿ ಹೊತ್ತು ಸಿಗುತ್ತದೆ. ಅಲ್ಲಿನವರು ಬರೆದದ್ದನ್ನು ಓದಿಕೊಂಡು ಇಲ್ಲಿ ಆರಾಮಾಗಿ ಹೊರಟರೆ ಟ್ರೈಪಾಡ್ ಬಿಚ್ಚುವಷ್ಟರಲ್ಲಿ ಮುಗಿದಿರುತ್ತದೆ.

ಹಿಂದಿನಸೀಟು
ನಮ್ಮ ಮನೆಯಲ್ಲಿ ಫೋಟೋ ಹುಚ್ಚು ಯಜಮಾನರಿಗೆ. ನಾನು, ಮಕ್ಕಳು ಕಾಯುವವರ ಕಡೆ. ನೀವೆಲ್ಲ ಬೆಳಕಿನ ಬಗ್ಗೆ ಹೇಳುತ್ತಿದ್ದೀರಿ. ಕಾಯುವವರ ಕಡೆಯಿಂದ ನಾನು ಹೇಳುತ್ತೇನೆ.

ನಮ್ಮಲ್ಲಿ ಈಗ ಒಂದು ಒಪ್ಪಂದ ಇದೆ. ದಿನಕ್ಕೆ ಒಂದೇ ಒಂದು ಜಾಗ ಫೋಟೋಗೆ ಅಂತ. ಅದು ಯಾವುದು ಅಂತ ಅವರೇ ಆರಿಸಲಿ. ಹಿಂದಿನ ರಾತ್ರಿ ಉಳಿಯುವುದು ಆ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರ. ಬೆಳಗ್ಗೆ ಅವರು ಒಬ್ಬರೇ ಎದ್ದು ಹೋಗುತ್ತಾರೆ, ನಾವು ಮಲಗಿರುತ್ತೇವೆ. ಅವರು ವಾಪಸ್ ಬರುವಷ್ಟರಲ್ಲಿ ನಾವು ತಯಾರು. ಆಮೇಲೆ ಎಲ್ಲರೂ ಸೇರಿ ಅದೇ ಜಾಗ ಇನ್ನೊಮ್ಮೆ ನೋಡುತ್ತೇವೆ. ಆಗ ಅವರ ಕೈಯಲ್ಲಿ ಫೋನು ಮಾತ್ರ. ಉಳಿದ ಜಾಗಗಳಲ್ಲಿ ಸುಮ್ನೆ ನೋಡಿಕೊಂಡು ಹೋಗುವುದು. ಜಗಳ ನಿಂತಿದೆ, ಫೋಟೋನೂ ಮೊದಲಿಗಿಂತ ಚೆನ್ನಾಗಿ ಬರುತ್ತಿದೆ.

ಕಲ್ಲುಕಂಬ
ಮೇಡಂ, ನಾನು ಅಷ್ಟುದ್ದ ಬರೆದದ್ದಕ್ಕಿಂತ ಇದು ಕೆಲಸಕ್ಕೆ ಬರುವ ಮಾತು. ಕಾರು ಪ್ರವಾಸದಲ್ಲಿ ಫೋಟೋ ಹೇಗೆ ಬರುತ್ತದೆ ಅನ್ನುವುದು ಮುಕ್ಕಾಲು ಪಾಲು ರಾತ್ರಿ ಎಲ್ಲಿ ತಂಗುತ್ತೀರಿ ಅನ್ನುವುದರ ಮೇಲೆ ನಿಂತಿದೆ. ನೂರು ಕಿಲೋಮೀಟರ್ ಆಚೆ ರೂಮು ಮಾಡಿದರೆ ಯಾವ ಲೆನ್ಸೂ ಕಾಪಾಡಲ್ಲ. ಒಂದು ಸೇರಿಸುತ್ತೇನೆ. ಟಿಕೆಟ್ ಇರುವ ಸ್ಮಾರಕಗಳ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಮೊದಲೇ ನೋಡಿ. ಸೂರ್ಯ ಹುಟ್ಟಿ ಎರಡು ಗಂಟೆ ಆದಮೇಲೆ ತೆರೆಯುವ ಜಾಗವಾದರೆ ಬೆಳಗಿನ ಯೋಜನೆ ಬಿಟ್ಟು, ಹೊರಗಿನಿಂದಲೇ ಕಾಣುವ ಗುಡ್ಡ ಹುಡುಕಿ.

ಮೋಡಗಣ್ಣು
ಎಲ್ಲರೂ ಮಧ್ಯಾಹ್ನವನ್ನು ಬೈಯುತ್ತಿದ್ದೀರಿ. ನಾನು ಒಪ್ಪಲ್ಲ.

ಕೆಲವು ಜಾಗಕ್ಕೆ ಮಧ್ಯಾಹ್ನವೇ ಬೇಕು. ರೋಮಿನ ಪ್ಯಾಂಥಿಯನ್ ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ತೂತು ಇದೆ. ಬಿಸಿಲು ಅಲ್ಲಿಂದ ಒಳಗೆ ಬಿದ್ದು ಗೋಡೆಯ ಮೇಲೆ ಸರಿಯುವುದನ್ನು ನೋಡಬೇಕಂದ್ರೆ ಸೂರ್ಯ ಮೇಲಿರಬೇಕು. ಅಮೆರಿಕದ ಆ್ಯಂಟಿಲೋಪ್ ಕಣಿವೆಯ ಮೇಲ್ಭಾಗದ ಕಿರಿದಾದ ಸಂದಿಯಲ್ಲಿ ಬೆಳಕಿನ ಕಂಬ ಇಳಿಯುವುದು ಬೇಸಿಗೆಯ ನಡು ಹಗಲಿನಲ್ಲಿ. ಆಳದ ಮೆಟ್ಟಿಲು ಬಾವಿಗಳ ತಳಕ್ಕೆ ಬಿಸಿಲು ಮುಟ್ಟುವುದೂ ಆಗಲೇ.

ಇನ್ನು ಜಲಪಾತ. ಅದಕ್ಕೆ ಬಿಸಿಲೇ ಬೇಡ. ಮೋಡ ಮುಚ್ಚಿದ ಮಧ್ಯಾಹ್ನ ಸಿಕ್ಕರೆ ಕುಣಿದಾಡಿ. ಬಿಸಿಲಿದ್ದರೆ ನೀರು ಬೆಳ್ಳಗೆ ಸುಟ್ಟುಹೋಗುತ್ತದೆ, ಪಕ್ಕದ ಬಂಡೆ ಕಪ್ಪಾಗುತ್ತದೆ. ಮೋಡದಲ್ಲಿ ಶಟರನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತನ್ನು, ಅರ್ಧ ಸೆಕೆಂಡಿಗೆ ಇಟ್ಟು, ಕ್ಯಾಮೆರಾ ಬಂಡೆಯ ಮೇಲೆ ಇಟ್ಟು ತೆಗೆಯಿರಿ. ನೀರು ನೂಲಿನ ಹಾಗೆ ಬರುತ್ತದೆ.

ದಾರಿಹೋಕರೇ, ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಲೆನ್ಸ್ ಬಿಟ್ಟು ಪೋಲರೈಸರ್ ಫಿಲ್ಟರ್ ತಗೊಳ್ಳಿ. ಒದ್ದೆ ಬಂಡೆ, ಒದ್ದೆ ಎಲೆಗಳ ಮೇಲಿನ ಬಿಳಿ ಹೊಳಪನ್ನು ಅದು ತೆಗೆಯುತ್ತದೆ, ಒಳಗಿನ ಬಣ್ಣ ಕಾಣುತ್ತದೆ. ಆಕಾಶದ ನೀಲಿಯೂ ಗಾಢವಾಗುತ್ತದೆ. ಆದರೆ ಸೂರ್ಯನಿಗೆ ಅಡ್ಡವಾಗಿ, ಅಂದರೆ 90 ಡಿಗ್ರಿ ಕಡೆ ತಿರುಗಿದಾಗ ಮಾತ್ರ ಹೆಚ್ಚು ಕೆಲಸ ಮಾಡುತ್ತದೆ. ಇದನ್ನು ವೈಡ್ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಪಟ್ಟಿ ಕಪ್ಪು, ಉಳಿದದ್ದು ಪೇಲವ. ಅಲ್ಲಿ ತೆಗೆದಿಡಿ.

ದಾರಿಹೋಕ
ಓಡುವ ಕಾರಿನ ಗಾಜಿನ ಮೂಲಕ ತೆಗೆಯುವಾಗಲೂ ಪೋಲರೈಸರ್ ಹಾಕಬಹುದಾ? ಗಾಜಿನಲ್ಲಿ ಡ್ಯಾಶ್‌ಬೋರ್ಡೇ ಕಾಣುತ್ತದೆ.

ಮೋಡಗಣ್ಣು
ಮುಂದಿನ ಗಾಜಿಗೆ ಪರವಾಗಿಲ್ಲ. ಪಕ್ಕದ, ಹಿಂದಿನ ಗಾಜು ಬೇರೆ ಥರ. ಅವನ್ನು ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿರುತ್ತಾರೆ. ಆಗ ಗಾಜಿನೊಳಗೆ ಉಳಿದ ಬಿಗಿತ ಪೋಲರೈಸರ್ ಹಾಕಿದಾಗ ಚುಕ್ಕೆ ಚುಕ್ಕೆಯಾಗಿ, ಕಾಮನಬಿಲ್ಲಿನ ಬಣ್ಣದಲ್ಲಿ ಕಾಣುತ್ತದೆ. ಫೋಟೋ ಹಾಳು. ಅದರ ಬದಲು ಡ್ಯಾಶ್‌ಬೋರ್ಡಿನ ಮೇಲೆ ಕಪ್ಪು ಬಟ್ಟೆ ಹಾಸಿ, ಲೆನ್ಸನ್ನು ಗಾಜಿಗೆ ಹತ್ತಿರ ಹಿಡಿಯಿರಿ. ತಾಗಿಸಬೇಡಿ, ಕಾರಿನ ನಡುಕ ಕ್ಯಾಮೆರಾಗೆ ಬರುತ್ತೆ. ಶಟರ್ 1/1000 ಇಟ್ಟರೂ ರಸ್ತೆಬದಿಯ ಗಿಡ ಮಸುಕಾಗಬಹುದು, ದೂರದ ಬೆಟ್ಟ ನಿಲ್ಲುತ್ತದೆ.

ಎತ್ತರದಗಾಳಿ
ತೆಗೆಯುವವರು ಪಕ್ಕದ ಸೀಟಿನವರು. ಸ್ಟಿಯರಿಂಗ್ ಹಿಡಿದವರಲ್ಲ. ಇಲ್ಲಿ ಹೇಳದಿದ್ದರೂ ಗೊತ್ತಿರಬೇಕಾದ ಮಾತು, ಆದರೂ ಹೇಳುತ್ತೇನೆ. ತಿರುವಿನಲ್ಲಿ, ಏರಿನ ತುದಿಯಲ್ಲಿ ಕಾರು ನಿಲ್ಲಿಸುವವರನ್ನು ನೋಡಿದರೆ ಮೈ ಉರಿಯುತ್ತದೆ. ನೋಟ ಚೆನ್ನಾಗಿದ್ದರೆ ಮುಂದೆ ಹೋಗಿ ಅಗಲದ ಜಾಗ ನೋಡಿ ನಿಲ್ಲಿಸಿ, ರಸ್ತೆಯ ಆಚೆ ಅಂಚಿನಲ್ಲಿ ನಡೆದು ವಾಪಸ್ ಬನ್ನಿ.

ಶಟರ್‌ಭಟ
ಸರಿ, ಆದರೆ ನಿಲ್ಲಿಸಬೇಕಾದಾಗ ನಿಲ್ಲಿಸಲೇಬೇಕು. ಅಮೆರಿಕದ ಛಾಯಾಗ್ರಾಹಕ ಆ್ಯನ್ಸೆಲ್ ಆ್ಯಡಮ್ಸ್ ಅವರ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಒಂದು ಹೀಗೇ ರಸ್ತೆಬದಿಯಲ್ಲಿ ಹುಟ್ಟಿದ್ದು. 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಅನ್ನುವ ಪುಟ್ಟ ಊರಿನ ಹತ್ತಿರ ಕಾರಿನಲ್ಲಿ ವಾಪಸ್ ಬರುತ್ತಿದ್ದರು. ಮೇಲೆ ಚಂದ್ರ, ಕೆಳಗೆ ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಕಾರು ಬದಿಗೆ ಹಾಕಿ ದೊಡ್ಡ ಕ್ಯಾಮೆರಾ ಹೂಡಿದರು. ಬೆಳಕು ಅಳೆಯುವ ಮೀಟರ್ ಕೈಗೇ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟು ಅಂತ ತಲೆಯಲ್ಲಿತ್ತು, ಅದರಿಂದಲೇ ಲೆಕ್ಕ ಹಾಕಿ ಒಂದು ತೆಗೆದರು. ಎರಡನೆಯದಕ್ಕೆ ತಯಾರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು.

ಇದರಲ್ಲಿ ಇನ್ನೊಂದು ಮಜಾ ಇದೆ. ಯಾವ ದಿನ ತೆಗೆದದ್ದು ಅಂತ ಅವರಿಗೇ ನೆನಪಿರಲಿಲ್ಲ, ಬೇರೆ ಬೇರೆ ವರ್ಷ ಹೇಳುತ್ತಿದ್ದರು. ಕೊನೆಗೆ ಚಂದ್ರ ಇರುವ ಜಾಗವನ್ನು ಖಗೋಳ ಲೆಕ್ಕದಿಂದ ಹಿಡಿದು ನವೆಂಬರ್ 1, 1941ರ ಸಂಜೆ ಅಂತ ಗೊತ್ತು ಮಾಡಿದರು. ನಿಮಗೆ ಆ ಕಷ್ಟ ಬೇಡ. ಹೊರಡುವ ಮೊದಲು ಕ್ಯಾಮೆರಾದ ಗಡಿಯಾರ ಫೋನಿನ ಗಡಿಯಾರಕ್ಕೆ ಸರಿಹೊಂದಿಸಿ. ಪ್ರತಿ ಜಾಗದಲ್ಲೂ ಮೊದಲ ಫೋಟೋ ಅಲ್ಲಿನ ಫಲಕದ್ದಾಗಲಿ. ಆರು ತಿಂಗಳ ಮೇಲೆ ಎರಡು ಕೋಟೆಯ ಗೋಡೆ ಒಂದೇ ಥರ ಕಾಣುತ್ತವೆ.

ಹಿಂದಿನಸೀಟು
ನಮ್ಮವರು ಜನ ಖಾಲಿಯಾಗಲಿ ಅಂತ ಕಾಯುತ್ತಾರಲ್ಲ, ಅದಕ್ಕೇನಾದರೂ ಮದ್ದು ಇದೆಯಾ?

ಮೋಡಗಣ್ಣು
ಇದೆ. 1838ರಲ್ಲಿ ಫೋಟೋ ತೆಗೆಯುವ ಮೊದಮೊದಲ ವಿಧಾನ ಕಂಡುಹಿಡಿದ ಡಾಗೆರ್ ಪ್ಯಾರಿಸ್ಸಿನ ಒಂದು ಗಿಜಿಗುಡುವ ಬೀದಿಯ ಫೋಟೋ ತೆಗೆದ. ಫೋಟೋದಲ್ಲಿ ಬೀದಿ ಖಾಲಿ! ಆಗ ಫಿಲ್ಮಿನ ಜಾಗದಲ್ಲಿದ್ದ ತಟ್ಟೆಗೆ ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಓಡಾಡುವ ಗಾಡಿ, ಜನ ಯಾರೂ ಅಚ್ಚಾಗಲಿಲ್ಲ. ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತ ಒಬ್ಬ ಮಾತ್ರ ಉಳಿದ. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯ ಅವನೇ ಅಂತ ಹೇಳುತ್ತಾರೆ.

ಈಗ ಅದನ್ನೇ ಬೇಕಂತಲೇ ಮಾಡಬಹುದು. ಲೆನ್ಸಿಗೆ 10 ಸ್ಟಾಪಿನ ಎನ್‌ಡಿ ಫಿಲ್ಟರ್, ಅಂದರೆ ಬೆಳಕನ್ನು ಸುಮಾರು ಸಾವಿರದ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು, ಹಾಕಿದರೆ 1/125 ಸೆಕೆಂಡಿನ ಜಾಗದಲ್ಲಿ 8 ಸೆಕೆಂಡು ತೆರೆದಿಡಬಹುದು. ನಡೆದಾಡುವವರು ಮಾಯ, ಕೂತು ಹರಟುವವರು ಮಾತ್ರ ಉಳಿಯುತ್ತಾರೆ. ಇಲ್ಲವೇ ಕ್ಯಾಮೆರಾ ಅಲ್ಲಾಡಿಸದೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಹತ್ತು ಹದಿನೈದು ಫೋಟೋ ತೆಗೆದು, ಮನೆಗೆ ಬಂದು ಎಡಿಟಿಂಗ್ ತಂತ್ರಾಂಶದಲ್ಲಿ ಅವನ್ನೆಲ್ಲ ಒಂದರ ಮೇಲೊಂದು ಸೇರಿಸಿ (ಇದಕ್ಕೆ ಮೀಡಿಯನ್ ಸ್ಟ್ಯಾಕಿಂಗ್ ಅಂತಾರೆ). ಒಂದೊಂದು ಫೋಟೋದಲ್ಲಿ ಬೇರೆ ಬೇರೆ ಕಡೆ ಇರುವ ಜನರನ್ನು ಅದು ಅಳಿಸುತ್ತದೆ.

ಕಲ್ಲುಕಂಬ
ನನಗೆ ಖಾಲಿ ಸ್ಮಾರಕಗಳ ಫೋಟೋ ಅಷ್ಟಾಗಿ ಹಿಡಿಸಲ್ಲ. ಬಾಗಿಲ ಬುಡದಲ್ಲಿ ಒಬ್ಬರು ನಿಂತರೆ ಬಾಗಿಲು ಎಷ್ಟು ಎತ್ತರ ಅಂತ ತಿಳಿಯುತ್ತದೆ. ಮನೆಯವರನ್ನೇ ನಿಲ್ಲಿಸಿ, ಅವರಿಗೂ ಕೆಲಸ ಸಿಕ್ಕಿತು.

ದೊಡ್ಡ ಕಟ್ಟಡಕ್ಕೆ ತೀರಾ ಹತ್ತಿರ ನಿಂತು ಫೋನು ಮೇಲಕ್ಕೆ ಎತ್ತಿದರೆ ಗೋಡೆಗಳೆಲ್ಲ ಹಿಂದಕ್ಕೆ ಬಿದ್ದ ಹಾಗೆ ಬರುತ್ತವೆ. ವೈಡ್ ಲೆನ್ಸ್ ಇದನ್ನು ಇನ್ನೂ ಹೆಚ್ಚಿಸುತ್ತದೆ. ಸಾಧ್ಯವಾದಷ್ಟು ಹಿಂದೆ ಹೋಗಿ, ಫೋನು ನೆಟ್ಟಗೆ ಹಿಡಿದು, 2ಎಕ್ಸ್ ಜೂಮಿನಲ್ಲಿ ತೆಗೆಯಿರಿ. ಹಿಂದೆ ಜಾಗ ಇಲ್ಲದಿದ್ದರೆ ಸುತ್ತ ಧಾರಾಳವಾಗಿ ಬಿಟ್ಟು ತೆಗೆಯಿರಿ. ಆಮೇಲೆ ಎಡಿಟಿಂಗಿನಲ್ಲಿ ಗೆರೆ ನೆಟ್ಟಗೆ ಮಾಡುವಾಗ ಅಂಚು ಕತ್ತರಿಸಿಹೋಗುತ್ತದೆ.

ಶಾಸನದ ಬಗ್ಗೆ ಒಂದು ಮಾತು. ಕಲ್ಲಿನ ಶಾಸನವನ್ನು ಎದುರಿನಿಂದ ಬೆಳಕು ಬೀಳುವಾಗ ತೆಗೆದರೆ ಅಕ್ಷರವೇ ಕಾಣಲ್ಲ. ಅಕ್ಷರ ಅಂದರೆ ಅಲ್ಲಿ ಬರೀ ಹಳ್ಳ, ಬಣ್ಣ ಇಲ್ಲ. ಹಳ್ಳದಲ್ಲಿ ನೆರಳು ಬಿದ್ದರೆ ಮಾತ್ರ ಓದಲು ಬರುತ್ತದೆ. ಬೆಳಕು ಕಲ್ಲಿನ ಮೈ ಸವರಿಕೊಂಡು ಬರುವ ಹಾಗೆ ಇರಬೇಕು. ಬಿಸಿಲು ಹಾಗಿಲ್ಲದಿದ್ದರೆ ಒಬ್ಬರು ಕೊಡೆ ಹಿಡಿದು ನೆರಳು ಮಾಡಲಿ. ಇನ್ನೊಬ್ಬರು ಫೋನಿನ ಟಾರ್ಚನ್ನು ಕಲ್ಲಿನ ಅಂಚಿನಿಂದ ಅಡ್ಡಲಾಗಿ ಹಿಡಿಯಲಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿಂದ ಒಂದು ತೆಗೆಯಿರಿ. ಎಡದಿಂದ ಮಸುಕಾಗಿದ್ದ ಒತ್ತಕ್ಷರ ಮೇಲಿನ ಬೆಳಕಿನಲ್ಲಿ ಎದ್ದು ಬರುತ್ತದೆ. ಸೀಮೆಸುಣ್ಣ ಉಜ್ಜುವುದು, ಎಣ್ಣೆ ಸವರುವುದು ಮಾತ್ರ ಮಾಡಬೇಡಿ. ಕಲ್ಲು ಹಾಳಾಗುತ್ತದೆ.

ದಾರಿಹೋಕ
ಒಳಗಿನ ಕತ್ತಲ ಮಂಟಪಗಳಿಗೆ? ಟ್ರೈಪಾಡ್ ಒಯ್ಯಬಹುದಾ?

ಎತ್ತರದಗಾಳಿ
ಬಹಳ ಕಡೆ ಬಿಡಲ್ಲ. ಆ್ಯಂಟಿಲೋಪ್ ಕಣಿವೆಯಲ್ಲಿ ಟ್ರೈಪಾಡ್ ಪೂರ್ತಿ ನಿಷೇಧ. ನಮ್ಮ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕಗಳಲ್ಲೂ ಮೊದಲೇ ಅನುಮತಿ ಬೇಕು. ಕಂಬಕ್ಕೆ ಹೆಗಲು ಒರಗಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಚಿತ್ರ ಬಿಡಿಸಿದ ಗೋಡೆಗಳ ಕಡೆ ಫ್ಲಾಶ್ ಬೇಡ ಅಂದ್ರೆ ಬೇಡ. ಡ್ರೋನ್ ಅಂತೂ ಹೋಗುವ ಮೊದಲೇ ಆ ದೇಶದ ನಿಯಮ ಓದಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ನಿಷೇಧ ಇದೆ.

ಶಟರ್‌ಭಟ
ಫೋಟೋ ಮಾರುವವರಿಗೆ ಇನ್ನೊಂದು ತಂಟೆ. ಐಫೆಲ್ ಗೋಪುರದ ಹಗಲಿನ ಫೋಟೋ ಹೇಗೆ ಬೇಕಾದರೂ ಬಳಸಬಹುದು. ರಾತ್ರಿಯ ದೀಪಾಲಂಕಾರಕ್ಕೆ ಹಕ್ಕುಸ್ವಾಮ್ಯ ಇದೆ. ನಿಮ್ಮ ಸ್ವಂತಕ್ಕೆ ತೆಗೆದುಕೊಂಡರೆ ಯಾರೂ ಕೇಳಲ್ಲ, ವ್ಯಾಪಾರಕ್ಕೆ ಬಳಸುವುದಾದರೆ ಅನುಮತಿ ಬೇಕು.

ದಾರಿಹೋಕ
ಎಲ್ಲರಿಗೂ ಥ್ಯಾಂಕ್ಸ್. ವೈಡ್ ಲೆನ್ಸ್ ಕೈಬಿಟ್ಟೆ. ಮ್ಯಾಪಿನಲ್ಲಿ ನೋಡಿದೆ. ಒಂದು ಕೋಟೆಯ ಬಾಗಿಲು ಪಶ್ಚಿಮಕ್ಕಿದೆ, ಅದನ್ನು ಸಂಜೆಗೆ ಇಟ್ಟು ಪಕ್ಕದಲ್ಲೇ ತಂಗುವ ಹಾಗೆ ರೂಮು ಬದಲಾಯಿಸಿದೆ. ಇನ್ನೊಂದು ಕೋಟೆಗೆ ಹೋಗುತ್ತೇವೆ, ಆದರೆ ಕ್ಯಾಮೆರಾ ಕಾರಿನಲ್ಲೇ ಬಿಡುತ್ತೇನೆ.

ಎತ್ತರದಗಾಳಿ
ಕಾರಿನಲ್ಲಿ ಬಿಡಬೇಡಿ! ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಏನಾಗುತ್ತೆ ಗೊತ್ತಲ್ಲ. ಆ್ಯಪಲ್ ತನ್ನ ಫೋನನ್ನು ಇಟ್ಟಿರಲು 45 ಡಿಗ್ರಿ ಮಿತಿ ಅಂತ ಹೇಳುತ್ತದೆ, ಬಳಸಲು 35. ಮುಚ್ಚಿದ ಕಾರು ಅದನ್ನು ಸುಲಭವಾಗಿ ದಾಟುತ್ತದೆ. ಕಳ್ಳತನದ ಮಾತು ಬೇರೆ. ಬ್ಯಾಗಿನಲ್ಲಿ ಹಾಕಿ ಹೆಗಲಿಗೆ ಏರಿಸಿಕೊಳ್ಳಿ.

ಎಸಿ ಕಾರಿನಿಂದ ಸೆಕೆಯ ಜಾಗಕ್ಕೆ ಇಳಿದ ತಕ್ಷಣ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ತಲುಪುವ ಕಾಲು ಗಂಟೆ ಮೊದಲೇ ಎಸಿ ಆರಿಸಿ ಕಿಟಕಿ ಇಳಿಸಿದರೆ ಆ ರಗಳೆ ಇಲ್ಲ.

ಹಿಂದಿನಸೀಟು
ಕಿಟಕಿ ಇಳಿಸುವ ಮೊದಲು ಹಿಂದಿನ ಸೀಟಿನವರನ್ನು ಒಂದು ಮಾತು ಕೇಳಿ 😀

ದಾರಿಹೋಕ
ಖಂಡಿತ! ಕೊನೆಯ ಪ್ರಶ್ನೆ. ದಿನ ದಿನ ಫೋಟೋ ಎಲ್ಲಿ ತುಂಬಿಡೋದು? ಲ್ಯಾಪ್‌ಟಾಪ್ ಒಯ್ಯುತ್ತಿಲ್ಲ.

ಮೋಡಗಣ್ಣು
ಒಂದು ದೊಡ್ಡ ಕಾರ್ಡಿನ ಬದಲು ಚಿಕ್ಕವು ನಾಲ್ಕು ತಗೊಳ್ಳಿ, ಪ್ರವಾಸ ಮುಗಿಯುವವರೆಗೆ ಯಾವುದನ್ನೂ ಅಳಿಸಬೇಡಿ. ಕಾರ್ಡ್ ರೀಡರನ್ನು ಫೋನಿಗೆ ಚುಚ್ಚಿ ರಾತ್ರಿ ಒಂದು ಸಣ್ಣ ಎಸ್‌ಎಸ್‌ಡಿಗೆ (ಜೇಬಿನಲ್ಲಿ ಹಿಡಿಯುವ ಡಿಸ್ಕ್) ನಕಲು ಮಾಡಿ. ಕಾರ್ಡುಗಳು ಒಬ್ಬರ ಬ್ಯಾಗಿನಲ್ಲಿ, ಎಸ್‌ಎಸ್‌ಡಿ ಇನ್ನೊಬ್ಬರ ಬ್ಯಾಗಿನಲ್ಲಿ. ರೂಮಿನಲ್ಲಿ ವೈಫೈ ಚೆನ್ನಾಗಿದ್ದರೆ ಆ ದಿನದ ಒಳ್ಳೆಯ ಹತ್ತು ಫೋಟೋ ಮಾತ್ರ ಕ್ಲೌಡಿಗೆ ಏರಿಸಿ. ಎಲ್ಲವನ್ನೂ ಏರಿಸಲು ಕೂತರೆ ಬೆಳಗಾದರೂ ಮುಗಿಯಲ್ಲ.